3 ಕೆ.ಜಿ. ಕ್ಯಾಲಿಪರ್ 300 ಗ್ರಾಂಗೆ ಇಳಿದಿದ್ದು ಹೇಗೆ? ನೀರಿನ ಟ್ಯಾಂಕ್‌ನಿಂದ ಅಗ್ನಿ ಕ್ಷಿಪಣಿವರೆಗೆ 'ಫೈಬರ್' ತಯಾರಾಗುವ ಕಥೆ

ಹೈದರಾಬಾದ್: ಕ್ಷಿಪಣಿ ತಯಾರಿಸುವ ಪ್ರಯೋಗಾಲಯಕ್ಕೆ ಒಬ್ಬ ಮೂಳೆ ವೈದ್ಯರಿಗೆ ಏನು ಕೆಲಸ? ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ ಪ್ರಸಂಗವೊಂದು ಶುರುವಾಗುವುದು ಇಲ್ಲಿಂದಲೇ. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯ (ನಿಮ್ಸ್) ವೈದ್ಯರೊಬ್ಬರು ಕಲಾಂ ಅವರ ಪ್ರಯೋಗಾಲಯಕ್ಕೆ ಬಂದಿದ್ದಾಗ, ಅಗ್ನಿ ಕ್ಷಿಪಣಿಗಾಗಿ ತಯಾರಿಸಿದ್ದ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿದರು. ಅದು ಅಷ್ಟು ಹಗುರವಾಗಿರುವುದನ್ನು ಕಂಡು ಅವರು ಕಲಾಂ ಅವರನ್ನು ನೇರವಾಗಿ ತಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ಪುಟ್ಟ ಮಕ್ಕಳು ಮೂರು ಕೆ.ಜಿ.ಗೂ ಹೆಚ್ಚು ಭಾರದ ಲೋಹದ ಕ್ಯಾಲಿಪರ್ ಕಟ್ಟಿಕೊಂಡು ಕಾಲೆಳೆಯುತ್ತಾ ನಡೆಯುತ್ತಿದ್ದರು. ಮೂರೇ ವಾರಗಳಲ್ಲಿ 300 ಗ್ರಾಂ ತೂಕದ ಕ್ಯಾಲಿಪರ್ ಸಿದ್ಧವಾಯಿತು ಎಂದು ಕಲಾಂ ಹೇಳುತ್ತಿದ್ದರು.

ಈ ಕಥೆ ಬಹಳ ಮಂದಿಗೆ ಗೊತ್ತು. ಆದರೆ ಇದರೊಳಗೊಂದು ಲೆಕ್ಕ ಅಡಗಿದೆ. ನಾರು ಮತ್ತು ಅಂಟು ಸೇರಿಸಿ ಮಾಡುವ ಈ ಬಗೆಯ ವಸ್ತು, ಅಂದರೆ ಕಾಂಪೋಸಿಟ್, ಅದೇ ಗಾತ್ರದ ಉಕ್ಕಿನ ನಾಲ್ಕನೇ ಒಂದು ಅಥವಾ ಐದನೇ ಒಂದು ಭಾಗದಷ್ಟು ತೂಗುತ್ತದೆ. ಇಲ್ಲಿ ತೂಕ ಇಳಿದದ್ದು ಹತ್ತನೇ ಒಂದಕ್ಕೆ. ಹಾಗಾದರೆ ಉಳಿದ ಇಳಿಕೆ ಎಲ್ಲಿಂದ ಬಂತು?

ಉತ್ತರ: ಆಕಾರದಿಂದ. ಹಳೆಯ ಕ್ಯಾಲಿಪರ್‌ಗೆ ಉಕ್ಕಿನ ಪಟ್ಟಿಗಳು, ಕೀಲುಗಳು, ಚರ್ಮದ ಬೆಲ್ಟುಗಳು, ವಿಶೇಷ ಬೂಟು ಎಲ್ಲ ಬೇಕಿತ್ತು. ಹೊಸದು 'ಫ್ಲೋರ್ ರಿಯಾಕ್ಷನ್ ಆರ್ಥೋಸಿಸ್' ಎಂಬ ಬಗೆಯದು. ಪಾದದಡಿಯಿಂದ ಮೊಣಕಾಲಿನ ಕೆಳಗಿನವರೆಗೆ ಬರುವ ಚಿಪ್ಪಿನಂಥ ರಚನೆ. ಪಾದ ನೆಲವನ್ನು ಒತ್ತಿದಾಗ ನೆಲ ತಿರುಗಿ ಕೊಡುವ ಬಲ ಮೊಣಕಾಲಿನ ಕೆಳಗೆ, ಮುಂಭಾಗಕ್ಕೆ ತಲುಪಿ ಮೊಣಕಾಲು ಕುಸಿಯದಂತೆ ತಡೆಯುತ್ತದೆ. ಇಂಥ ಆಕಾರವನ್ನು ಉಕ್ಕಿನ ಪಟ್ಟಿ ಬಗ್ಗಿಸಿ ಮಾಡುವುದು ಕಷ್ಟ. ಅಚ್ಚಿನಲ್ಲಿ ರೂಪ ಪಡೆಯುವ ವಸ್ತುವಿಗೆ ಅದು ಸಲೀಸು.

ಕಾಂಪೋಸಿಟ್ ಬಗ್ಗೆ ಮೊದಲು ತಿಳಿಯಬೇಕಾದ್ದು ಇದನ್ನೇ. ಉಕ್ಕನ್ನು ಅಂಗಡಿಯಿಂದ ತಂದು ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡುತ್ತೇವೆ. ಅದರ ಶಕ್ತಿ ಎಷ್ಟೆಂಬುದು ಕಾರ್ಖಾನೆಯಲ್ಲೇ ನಿರ್ಧಾರವಾಗಿರುತ್ತದೆ. ಕಾಂಪೋಸಿಟ್ ಹಾಗಲ್ಲ. ವಸ್ತುವೂ ಅದರಿಂದ ಮಾಡುವ ಭಾಗವೂ ಒಂದೇ ಅಚ್ಚಿನಲ್ಲಿ, ಒಂದೇ ಹೊತ್ತಿನಲ್ಲಿ ಹುಟ್ಟುತ್ತವೆ. ಆದ್ದರಿಂದಲೇ ಮನೆ ಮೇಲಿನ ಫೈಬರ್ ಟ್ಯಾಂಕಿಗೂ ಕ್ಷಿಪಣಿಯ ಕವಚಕ್ಕೂ ನಡುವೆ ಇರುವ ಅಜಗಜಾಂತರಕ್ಕೆ ನಾರು ಎಷ್ಟು ಕಾರಣವೋ ತಯಾರಿಸುವ ವಿಧಾನವೂ ಅಷ್ಟೇ ಕಾರಣ.

ನಾರು ಎಳೆಯುತ್ತದೆ, ಅಂಟು ಹಿಡಿಯುತ್ತದೆ

ಮಣ್ಣಿನ ಗೋಡೆ ಕಟ್ಟುವಾಗ ಹುಲ್ಲು ಕಲಸುತ್ತಿದ್ದುದು ನೆನಪಿದೆಯೇ? ತತ್ವ ಅದೇ. ಗಾಜಿನ ಅಥವಾ ಕಾರ್ಬನ್‌ನ ನಾರು ಎಳೆತವನ್ನು ತಾಳುತ್ತದೆ. ಕಾರ್ಬನ್ ನಾರಿನ ಒಂದೆಳೆ 5ರಿಂದ 7 ಮೈಕ್ರಾನ್ ದಪ್ಪ, ನಮ್ಮ ತಲೆಗೂದಲಿನ ಹತ್ತನೇ ಒಂದು ಭಾಗದಷ್ಟು. ಪಾಲಿಯೆಸ್ಟರ್, ಎಪಾಕ್ಸಿಯಂಥ ರೆಸಿನ್ ಆ ಎಳೆಗಳನ್ನು ಅಲುಗದಂತೆ ಹಿಡಿದಿಟ್ಟು, ಹೊರೆಯನ್ನು ಒಂದು ಎಳೆಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ನಾರು ಹೆಚ್ಚಿದ್ದಷ್ಟೂ, ಅದು ನೇರವಾಗಿದ್ದಷ್ಟೂ ಬಲ ಹೆಚ್ಚು.

ಶತ್ರು ಯಾವುದು? ಗಾಳಿ. ಪದರಗಳ ನಡುವೆ ಸಿಕ್ಕಿಕೊಂಡ ಸಣ್ಣ ಗುಳ್ಳೆಗಳು. ಪ್ರತಿ ಶೇ 1ರಷ್ಟು ಗುಳ್ಳೆ ಹೆಚ್ಚಾದಾಗಲೂ ಪದರಗಳು ಪರಸ್ಪರ ಜಾರದಂತೆ ತಡೆಯುವ ಬಲ ಸುಮಾರು ಶೇ 7ರಷ್ಟು ಕುಸಿಯುತ್ತದೆ ಎಂಬುದು ಈ ಕ್ಷೇತ್ರದವರು ಬಳಸುವ ಸ್ಥೂಲ ಲೆಕ್ಕ. ಮುಂದೆ ಬರುವ ವಿಧಾನಗಳಲ್ಲಿ ಹೆಚ್ಚಿನವು ಒಂದೇ ಕೆಲಸಕ್ಕಾಗಿ ಹುಟ್ಟಿಕೊಂಡವು. ಗಾಳಿಯನ್ನು ಹೊರಹಾಕಬೇಕು, ನಾರನ್ನು ಹೆಚ್ಚು ತುಂಬಬೇಕು, ಅದನ್ನು ಕೈಗೆಟಕುವ ಖರ್ಚಿನಲ್ಲಿ ಮಾಡಬೇಕು.

ಬ್ರಷ್, ರೋಲರ್, ಬಕೆಟ್: ಕೈಯಿಂದ ಹಚ್ಚುವ ವಿಧಾನ

ಹೈದರಾಬಾದಿನ ಬಾಲಾನಗರ, ಜೀಡಿಮೆಟ್ಲ, ಚೆರ್ಲಪಲ್ಲಿಯಂಥ ಕೈಗಾರಿಕಾ ಪ್ರದೇಶಗಳಿರಲಿ, ಬೆಂಗಳೂರಿನ ಪೀಣ್ಯ ಇರಲಿ, ಸಣ್ಣ ಶೆಡ್‌ನಲ್ಲಿ ಫೈಬರ್ ಕೆಲಸ ಶುರು ಮಾಡುವವರಿಗೆ ಸಿಗುವ ಮೊದಲ ದಾರಿ ಇದು. ಮಲ್ಪೆಯ ಫೈಬರ್ ದೋಣಿ, ಉದ್ಯಾನದ ಆನೆ-ಜಿಂಕೆ ಬೊಂಬೆ, ಬಸ್ಸಿನ ಮುಂಭಾಗದ ಪ್ಯಾನೆಲ್, ಫೈಬರ್ ಬಾಗಿಲು ಇವೆಲ್ಲ ಬಹುತೇಕ ಹೀಗೇ ತಯಾರಾಗುತ್ತವೆ.

ಅಚ್ಚಿಗೆ ಮೇಣ ಸವರಿ, ಅದರ ಮೇಲೆ ಬಣ್ಣದ ಜೆಲ್‌ಕೋಟ್ ಹಚ್ಚುತ್ತಾರೆ. ಅದು ತುಸು ಗಟ್ಟಿಯಾದ ಮೇಲೆ ಗಾಜಿನ ನಾರಿನ ಹಾಸನ್ನು ಇಟ್ಟು ಬ್ರಷ್‌ನಿಂದ ರೆಸಿನ್ ಹಚ್ಚುತ್ತಾರೆ. ಮೇಲಿನಿಂದ ಹಲ್ಲುಳ್ಳ ರೋಲರ್ ಉರುಳಿಸಿ ಗಾಳಿ ಬಿಡಿಸುತ್ತಾರೆ. ಮತ್ತೊಂದು ಹಾಸು, ಮತ್ತೆ ರೆಸಿನ್. ಯಂತ್ರ ಬೇಡ, ಅಚ್ಚು ಅಗ್ಗ, ಆಕಾರಕ್ಕೆ ಮಿತಿಯಿಲ್ಲ. ಹತ್ತು ದೋಣಿ ಬೇಕಿದ್ದವರಿಗೆ ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲವೆಂದೇ ಹೇಳಬೇಕು.

ಆದರೆ ಗುಣಮಟ್ಟ ಪೂರ್ತಿಯಾಗಿ ರೋಲರ್ ಹಿಡಿದವನ ಕೈಯಲ್ಲಿದೆ. ಕತ್ತರಿಸಿದ ನಾರಿನ ಹಾಸು ಬಳಸಿದರೆ ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಮಾತ್ರ ನಾರು, ಉಳಿದದ್ದು ರೆಸಿನ್. ಸಂಜೆ ಸುಸ್ತಾದ ಕೈ ಬಿಟ್ಟುಬಿಟ್ಟ ಗುಳ್ಳೆ ಹಾಗೆಯೇ ಉಳಿಯುತ್ತದೆ. ಹವಾಮಾನವೂ ಆಟವಾಡುತ್ತದೆ. ಹಾರ್ಡನರ್ ಅನ್ನು ರೆಸಿನ್‌ಗೆ ಶೇ 1ರಿಂದ 2ರಷ್ಟು ಹಾಕುತ್ತಾರೆ. ಡಿಸೆಂಬರ್‌ನ ಬೆಳಗಿನಲ್ಲಿ ಸರಿಹೋಗುವ ಪ್ರಮಾಣ, ಹೈದರಾಬಾದಿನ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಬಕೆಟ್‌ನಲ್ಲೇ ರೆಸಿನ್ ಗಟ್ಟಿಯಾಗುವಂತೆ ಮಾಡುತ್ತದೆ. ಹಾರ್ಡನರ್ ಮತ್ತು ಕೋಬಾಲ್ಟ್ ವೇಗವರ್ಧಕ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ, ಸ್ಫೋಟದ ಅಪಾಯವಿದೆ. ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಇನ್ನು ಪಾಲಿಯೆಸ್ಟರ್ ರೆಸಿನ್‌ನಿಂದ ಏಳುವ ಸ್ಟೈರೀನ್ ಹೊಗೆ, ಉಜ್ಜುವಾಗ ಹಾರಿ ಮೈಯೆಲ್ಲ ತುರಿಸುವ ಗಾಜಿನ ಧೂಳು. ಕಿಟಕಿಯಿಲ್ಲದ ಶೆಡ್‌ನಲ್ಲಿ, ಮಾಸ್ಕ್ ಇಲ್ಲದೆ ಕೆಲಸ ಮಾಡುವವರು ಅದನ್ನೇ ಉಸಿರಾಡುತ್ತಾರೆ. ಈ ವಿಧಾನ ಅಗ್ಗ ಎನ್ನುವಾಗ ಆ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಚೀಲ ಹೊದಿಸಿ ಗಾಳಿ ಹೀರಿದರೆ?

ಚಿತ್ರದುರ್ಗದ ಜೋಗಿಮಟ್ಟಿಯಲ್ಲೋ ಗದಗದ ಗುಡ್ಡಗಳಲ್ಲೋ ತಿರುಗುವ ಗಾಳಿಯಂತ್ರದ ರೆಕ್ಕೆಗಳನ್ನು ನೋಡಿ. ಹತ್ತಾರು ಮೀಟರ್ ಉದ್ದದ ಅಂಥ ರೆಕ್ಕೆಯನ್ನು ಬ್ರಷ್ ಹಿಡಿದು ಮಾಡಿದರೆ ಒಂದು ತುದಿ ಮುಗಿಸುವಷ್ಟರಲ್ಲಿ ಇನ್ನೊಂದು ತುದಿ ಗಟ್ಟಿಯಾಗಿರುತ್ತದೆ. ಹೀಗಾಗಿ ನಾರಿನ ಬಟ್ಟೆಯನ್ನೆಲ್ಲ ಒಣಗಿದ್ದಾಗಲೇ ಅಚ್ಚಿನಲ್ಲಿ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಅಂಟಿಸಿ, ಪಂಪ್‌ನಿಂದ ಒಳಗಿನ ಗಾಳಿ ಹೀರುತ್ತಾರೆ. ಆಗ ಪೈಪಿನ ಮೂಲಕ ಬಿಟ್ಟ ರೆಸಿನ್ ತಾನೇ ನಾರಿನೊಳಗೆ ನುಗ್ಗಿ ಹರಡುತ್ತದೆ. ಇದೇ ವ್ಯಾಕ್ಯೂಮ್ ಇನ್ಫ್ಯೂಷನ್. ನಾರಿನ ಪಾಲು ಗಾತ್ರದ ಅರ್ಧಕ್ಕೆ ಏರುತ್ತದೆ, ಹೊಗೆ ಚೀಲದೊಳಗೇ ಉಳಿಯುತ್ತದೆ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ಇದೇ ತತ್ವವನ್ನು ಸುಧಾರಿಸಿ 'ವೆರಿಟಿ' ಎಂಬ ವಿಧಾನ ರೂಪಿಸಿ, ಸರಸ್ ವಿಮಾನದ ರೆಕ್ಕೆಗೆ ಬಳಸಿತು. ಅಗ್ಗದ ಸಲಕರಣೆಯಲ್ಲಿ ವಿಮಾನದ ಗುಣಮಟ್ಟ ತರುವ ಪ್ರಯತ್ನ ಅದು. ಇದರಲ್ಲೂ ತಲೆನೋವಿಲ್ಲದೆ ಇಲ್ಲ. ಚೀಲದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಒಳಬರುತ್ತದೆ. ರೆಸಿನ್ ತಲುಪದೆ ಉಳಿದ ಒಣ ಜಾಗ ಸಿಕ್ಕರೆ ಇಡೀ ರೆಕ್ಕೆ ಸಂಶಯಕ್ಕೆ ಒಳಗಾಗುತ್ತದೆ.

ದೈತ್ಯ ಪ್ರೆಷರ್ ಕುಕ್ಕರ್

ವಾತಾವರಣದ ಒತ್ತಡ ಸಾಲದು ಎನ್ನುವವರಿಗೆ ಆಟೋಕ್ಲೇವ್ ಇದೆ. ಇದು ಕೋಣೆಯಷ್ಟು ದೊಡ್ಡ ಪ್ರೆಷರ್ ಕುಕ್ಕರ್ ಎನ್ನಬಹುದು. ಇಲ್ಲಿ ಬಳಸುವ ನಾರಿನ ಹಾಳೆಗೆ ಅಳತೆ ಮಾಡಿದಷ್ಟೇ ರೆಸಿನ್ ಅನ್ನು ಮೊದಲೇ ಸವರಿರುತ್ತಾರೆ. ಅದಕ್ಕೆ 'ಪ್ರೀಪ್ರೆಗ್' ಎಂದು ಹೆಸರು. ಹೊರಗಿಟ್ಟರೆ ತಾನಾಗಿ ಗಟ್ಟಿಯಾಗುವುದರಿಂದ ಅದನ್ನು ಮೈನಸ್ 18 ಡಿಗ್ರಿಯಲ್ಲಿ ಫ್ರೀಜರ್‌ನಲ್ಲಿಡಬೇಕು. ಹೊರತೆಗೆದ ಗಂಟೆ ಗಂಟೆಯ ಲೆಕ್ಕವನ್ನೂ ಬರೆದಿಡಬೇಕು. ಪದರ ಪದರವಾಗಿ ಹಾಸಿ, ಚೀಲ ಹೊದಿಸಿ, ಆಟೋಕ್ಲೇವ್‌ನಲ್ಲಿ ಸಾಮಾನ್ಯವಾಗಿ 120ರಿಂದ 180 ಡಿಗ್ರಿ ಶಾಖ, ವಾತಾವರಣದ ಆರೇಳು ಪಟ್ಟು ಒತ್ತಡದಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಗುಳ್ಳೆಗಳ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯುತ್ತದೆ, ನಾರಿನ ಪಾಲು ಶೇ 60ರ ಸುತ್ತ.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ತೇಜಸ್ ಯುದ್ಧವಿಮಾನದ ತೂಕದಲ್ಲಿ ಶೇ 45ರಷ್ಟು ಕಾಂಪೋಸಿಟ್‌ನದೇ ಪಾಲು. ಅದರ ಅನೇಕ ಭಾಗಗಳನ್ನು ರೂಪಿಸಿದ್ದು ಎನ್‌ಎಎಲ್. ಹೊದಿಕೆ ಮತ್ತು ಒಳಗಿನ ಆಧಾರಪಟ್ಟಿಗಳನ್ನು ಬೇರೆ ಬೇರೆ ಮಾಡಿ ರಿವೆಟ್ ಹೊಡೆಯುವ ಬದಲು ಆಟೋಕ್ಲೇವ್‌ನಲ್ಲಿ ಒಟ್ಟಿಗೇ ಬೇಯಿಸಿ ಒಂದೇ ತುಂಡಾಗಿಸುವುದು ಅವರ ಕೈಚಳಕ. ರಿವೆಟ್ ಕಡಿಮೆ, ತೂಕ ಕಡಿಮೆ. ಆದರೆ ತಪ್ಪಿದರೆ ನಷ್ಟ ಒಂದು ತುಂಡಿನದಲ್ಲ, ಪೂರ್ತಿ ಭಾಗದ್ದು.

ಬುಗುರಿಗೆ ಚಾಟಿ ಸುತ್ತಿದಂತೆ: ಅಗ್ನಿಯ ಕವಚ

ಹೈದರಾಬಾದಿನ ಹೆಸರು ಹೆಚ್ಚು ಕೇಳಿಬರುವುದು ಈ ವಿಧಾನದಲ್ಲಿ. ರಾಕೆಟ್ ಮೋಟಾರ್ ಎಂದರೆ ಒಳಗೆ ಇಂಧನ ಉರಿದು ಭಾರಿ ಒತ್ತಡ ಹುಟ್ಟಿಸುವ ಕೊಳವೆ. ಜಮೀನಿನ ನೀರಿನ ಪೈಪು ಒತ್ತಡ ತಾಳದೆ ಒಡೆಯುವುದನ್ನು ನೋಡಿದವರಿಗೆ ಗೊತ್ತು, ಅದು ಸಾಮಾನ್ಯವಾಗಿ ಉದ್ದಕ್ಕೇ ಸೀಳುತ್ತದೆ. ಕೊಳವೆಯ ಸುತ್ತಳತೆಯ ದಿಕ್ಕಿನ ಎಳೆತ, ಉದ್ದದ ದಿಕ್ಕಿನದಕ್ಕಿಂತ ಎರಡು ಪಟ್ಟು ಇರುವುದೇ ಕಾರಣ. ಉಕ್ಕಿನ ಬಲ ಎಲ್ಲ ದಿಕ್ಕಿಗೂ ಒಂದೇ. ಹಾಗಾಗಿ ಸುತ್ತಳತೆಗೆ ಬೇಕಾದಷ್ಟು ದಪ್ಪ ಕೊಟ್ಟರೆ ಉದ್ದದ ದಿಕ್ಕಿನಲ್ಲಿ ಅರ್ಧ ಬಲ ವ್ಯರ್ಥ. ನಾರನ್ನಾದರೆ ಬೇಕಾದ ದಿಕ್ಕಿಗೆ ತಿರುಗಿಸಬಹುದು. ಒಂದೇ ಕೋನದಲ್ಲಿ ಸುತ್ತುವುದಾದರೆ ಕೊಳವೆಯ ಅಕ್ಷಕ್ಕೆ ಸುಮಾರು 55 ಡಿಗ್ರಿಯಲ್ಲಿ ಸುತ್ತಿದರೆ ಎರಡೂ ಎಳೆತಕ್ಕೆ ತಕ್ಕಷ್ಟು ಬಲ ಸಿಗುತ್ತದೆ ಎನ್ನುತ್ತದೆ ಲೆಕ್ಕ.

ತಿರುಗುವ ಅಚ್ಚಿನ ಮೇಲೆ, ರೆಸಿನ್‌ನಲ್ಲಿ ಅದ್ದಿದ ನಾರಿನ ಎಳೆಗಳನ್ನು ಬಿಗಿಯಾಗಿ ಎಳೆದು, ಬುಗುರಿಗೆ ಚಾಟಿ ಸುತ್ತಿದಂತೆ ಯಂತ್ರ ಸುತ್ತುತ್ತಾ ಹೋಗುತ್ತದೆ. ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಮೇಲೆ ಒಳಗಿನ ಅಚ್ಚನ್ನು ಬಿಚ್ಚಿ ತೆಗೆಯುತ್ತಾರೆ. ಇದು ಫಿಲಮೆಂಟ್ ವೈಂಡಿಂಗ್.

1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಎಸ್‌ಎಲ್‌ವಿ-3 ರಾಕೆಟ್‌ನ ಮೇಲಿನ ಹಂತಗಳಲ್ಲೂ ನಾರಿನ ಕವಚವಿತ್ತು. ಅದರ ಯೋಜನಾ ನಿರ್ದೇಶಕ ಕಲಾಂ. 1982ರಲ್ಲಿ ಅವರು ಹೈದರಾಬಾದಿನ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಪ್ರಯೋಗಾಲಯದ ನಿರ್ದೇಶಕರಾಗಿ ಬಂದರು. 1989ರ ಮೇ 22ರಂದು ಮೊದಲ ಅಗ್ನಿ ಹಾರಿತು. ವಾತಾವರಣಕ್ಕೆ ಮರಳುವಾಗಿನ ಸಾವಿರಾರು ಡಿಗ್ರಿ ಶಾಖದಿಂದ ಅದನ್ನು ಕಾಪಾಡಿದ್ದು ಕಾರ್ಬನ್-ಕಾರ್ಬನ್ ಮೂತಿ. ನಾರಿನ ಜತೆಗಿನ ಅಂಟನ್ನೂ ಸುಟ್ಟು ಇದ್ದಿಲಾಗಿಸಿ, ಉಳಿದ ರಂಧ್ರಗಳನ್ನು ಮತ್ತೆ ತುಂಬಿ, ಮತ್ತೆ ಸುಟ್ಟು ಮಾಡುವ ವಸ್ತು ಅದು. ಮೋಟಾರ್ ಕವಚದ ಸರದಿ ಬರಲು ಇನ್ನೂ ಎರಡು ದಶಕ ಹಿಡಿಯಿತು. 2011ರ ನವೆಂಬರ್ 15ರಂದು ಪರೀಕ್ಷೆಗೊಳಗಾದ ಅಗ್ನಿ-4ರಲ್ಲಿ ಕಾಂಪೋಸಿಟ್ ರಾಕೆಟ್ ಮೋಟಾರ್ ಮೊದಲ ಬಾರಿ ಬಳಕೆಯಾಯಿತು. ಯೋಜನಾ ನಿರ್ದೇಶಕಿ ಟೆಸ್ಸಿ ಥಾಮಸ್, ಹೈದರಾಬಾದಿನ ಅಡ್ವಾನ್ಸ್ಡ್ ಸಿಸ್ಟಮ್ಸ್ ಲ್ಯಾಬೊರೇಟರಿಯವರು.

ಈಗ ಇದೇ ಊರಿನ ಖಾಸಗಿ ಕಂಪನಿ ಸ್ಕೈರೂಟ್ ಅದೇ ದಾರಿಯಲ್ಲಿದೆ. 2022ರ ನವೆಂಬರ್ 18ರಂದು ಶ್ರೀಹರಿಕೋಟಾದಿಂದ 89.5 ಕಿ.ಮೀ. ಎತ್ತರಕ್ಕೆ ಹಾರಿದ ಅದರ ವಿಕ್ರಮ್-ಎಸ್ ರಾಕೆಟ್‌ನ ದೇಹ ಕಾರ್ಬನ್ ಕಾಂಪೋಸಿಟ್‌ನದು. ಕಂಪನಿ ತನ್ನ ಘನ ಇಂಧನ ಮೋಟಾರ್‌ಗಳಿಗೆ ಇಟ್ಟ ಹೆಸರು 'ಕಲಾಂ'.

ರಾಕೆಟ್ ದೂರದ ಮಾತಾಯಿತು ಎನ್ನುವವರು ಅಡುಗೆಮನೆ ನೋಡಬಹುದು. ಇಂಡಿಯನ್ ಆಯಿಲ್ 2021ರಲ್ಲಿ ತಂದ ಕಾಂಪೋಸಿಟ್ ಗ್ಯಾಸ್ ಸಿಲಿಂಡರ್ ಇದೇ ತತ್ವದ್ದು. ಒಳಗೆ ಪ್ಲಾಸ್ಟಿಕ್ ಪದರ, ಅದರ ಮೇಲೆ ಸುತ್ತಿದ ಗಾಜಿನ ನಾರು, ಹೊರಗೆ ಪ್ಲಾಸ್ಟಿಕ್ ಕವಚ. ಉಕ್ಕಿನ ಸಿಲಿಂಡರಿಗಿಂತ ಹಗುರ, ಬೆಳಕಿಗೆ ಹಿಡಿದರೆ ಒಳಗೆಷ್ಟು ಗ್ಯಾಸ್ ಉಳಿದಿದೆ ಎಂಬುದೂ ಕಾಣುತ್ತದೆ.

ಸುತ್ತಿದ್ದೆಲ್ಲ ಗಟ್ಟಿಯಲ್ಲ

2023ರ ಜೂನ್ 18ರಂದು ಟೈಟಾನಿಕ್ ಅವಶೇಷ ನೋಡಲು ಹೊರಟ 'ಟೈಟನ್' ಜಲಾಂತರ್ಗಾಮಿ ಸಮುದ್ರದಾಳದಲ್ಲಿ ಕುಸಿದು ಐವರು ಸತ್ತರು. ಅದರ ದೇಹ ಕಾರ್ಬನ್ ನಾರು ಸುತ್ತಿ ಮಾಡಿದ ಸಿಲಿಂಡರ್. ಒಂದೊಂದೂ ಸುಮಾರು ಒಂದಿಂಚು ದಪ್ಪದ ಐದು ಸುತ್ತುಗಳನ್ನು ಹಂತಹಂತವಾಗಿ ಗಟ್ಟಿ ಮಾಡಿದ್ದರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿದಾಗ ಪದರಗಳಲ್ಲಿ ಸುಕ್ಕು, ರಂಧ್ರ, ಗುಳ್ಳೆಗಳು ಕಂಡವು.

ರಾಕೆಟ್ ಮೋಟಾರ್‌ನಲ್ಲಿ ಒತ್ತಡ ಒಳಗಿನಿಂದ ಹೊರಕ್ಕೆ. ಆಗ ನಾರು ಎಳೆತಕ್ಕೆ ಸಿಗುತ್ತದೆ, ಅದು ನಾರಿಗೆ ಒಗ್ಗುವ ಕೆಲಸ. ಸಮುದ್ರದಾಳದಲ್ಲಿ ಒತ್ತಡ ಹೊರಗಿನಿಂದ ಒಳಕ್ಕೆ. ಆಗ ನಾರು ಹಿಸುಕಲ್ಪಡುತ್ತದೆ, ಅದು ಬಾಗದಂತೆ ಹಿಡಿಯುವ ಹೊಣೆಯೆಲ್ಲ ಅಂಟಿನ ಮೇಲೆ. ಸುಕ್ಕು, ಗುಳ್ಳೆಗಳು ಹೆಚ್ಚು ದುಬಾರಿಯಾಗುವುದು ಇಂಥಲ್ಲೇ. ವಿಧಾನ ಒಂದೇ ಆದರೂ ಒಂದು ಕೆಲಸಕ್ಕೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪಬೇಕೆಂದಿಲ್ಲ.

ನೂರಲ್ಲ, ಲಕ್ಷ ಬೇಕಾದಾಗ

ಮನೆ ಮುಂದಿನ ಕರೆಂಟ್ ಮೀಟರ್ ಪೆಟ್ಟಿಗೆಯನ್ನು ಯಾರೂ ಬ್ರಷ್ ಹಿಡಿದು ಮಾಡುವುದಿಲ್ಲ. ಕತ್ತರಿಸಿದ ನಾರು ಮತ್ತು ರೆಸಿನ್ ಬೆರೆಸಿದ ಹಾಳೆಯನ್ನು ಬಿಸಿ ಉಕ್ಕಿನ ಅಚ್ಚುಗಳ ನಡುವೆ, ಪೂರಿ ಒತ್ತಿದಂತೆ ಒತ್ತುತ್ತಾರೆ. ಕೆಲವೇ ನಿಮಿಷಕ್ಕೊಂದು ಪೆಟ್ಟಿಗೆ. ಉಕ್ಕಿನ ಅಚ್ಚಿಗೆ ಲಕ್ಷಗಟ್ಟಲೆ ಹಣ ಬೇಕು, ಸಾವಿರಾರು ಪೆಟ್ಟಿಗೆ ಹೊರಬಂದರಷ್ಟೇ ಗಿಟ್ಟುತ್ತದೆ.

ಲೈನ್‌ಮನ್‌ಗಳು ಬಳಸುವ, ವಿದ್ಯುತ್ ಹರಿಯದ ಫೈಬರ್ ಏಣಿಯ ಕಂಬಗಳದ್ದು ಇನ್ನೊಂದು ದಾರಿ. ಅಕ್ಕಸಾಲಿಗರು ತೂತಿನ ತಟ್ಟೆಯಲ್ಲಿ ತಂತಿ ಎಳೆಯುವಂತೆ, ರೆಸಿನ್‌ನಲ್ಲಿ ನೆನೆದ ನಾರನ್ನು ಬಿಸಿ ಅಚ್ಚಿನ ಮೂಲಕ ಎಳೆಯುತ್ತಲೇ ಇರುತ್ತಾರೆ. ಎಷ್ಟು ಉದ್ದ ಬೇಕೋ ಅಷ್ಟಕ್ಕೆ ಕತ್ತರಿಸಿದರಾಯಿತು. ಆದರೆ ಅಡ್ಡಕೊಯ್ತ ಉದ್ದಕ್ಕೂ ಒಂದೇ ಇರಬೇಕು.

ಇವೆರಡರ ನಡುವೆ ಇರುವುದು ಆರ್‌ಟಿಎಂ. ಒಣ ನಾರನ್ನು ಮುಚ್ಚಿದ ಅಚ್ಚಿನಲ್ಲಿಟ್ಟು ಒತ್ತಡದಿಂದ ರೆಸಿನ್ ನುಗ್ಗಿಸುವ ವಿಧಾನ. ಏರ್‌ಬಸ್ ಎ320 ನಿಯೋದಂಥ ವಿಮಾನಗಳಲ್ಲಿರುವ ಲೀಪ್ ಎಂಜಿನ್‌ನ 18 ಫ್ಯಾನ್ ಬ್ಲೇಡ್‌ಗಳು ಮೂರು ಆಯಾಮದಲ್ಲಿ ನೇಯ್ದ ಕಾರ್ಬನ್ ನಾರಿನಿಂದ ಹೀಗೇ ತಯಾರಾಗುತ್ತವೆ. ಈ ಎಂಜಿನ್‌ಗಳನ್ನು ದುರಸ್ತಿ ಮಾಡುವ ಸಫ್ರಾನ್ ಕೇಂದ್ರ 2025ರ ನವೆಂಬರ್‌ನಲ್ಲಿ ಹೈದರಾಬಾದ್ ವಿಮಾನ ನಿಲ್ದಾಣದ ಆವರಣದಲ್ಲೇ ಉದ್ಘಾಟನೆಯಾಯಿತು.

ಹಾಗಾದರೆ ಯಾವುದು ಒಳ್ಳೆಯದು?

ಹೀಗೆ ಕೇಳುವುದಕ್ಕಿಂತ ಎಷ್ಟು ಬೇಕು, ಆಕಾರ ಏನು, ಮುರಿದರೆ ಏನಾಗುತ್ತದೆ ಎಂದು ಕೇಳುವುದು ಸರಿ. ಉದ್ಯಾನದ ಆನೆ ಬಿರುಕು ಬಿಟ್ಟರೆ ತೇಪೆ ಹಾಕಬಹುದು, ಅದಕ್ಕೆ ಆಟೋಕ್ಲೇವ್ ಬಳಸುವುದು ದುಂದು. ವಿಮಾನದ ಬಾಲಕ್ಕೆ ಬ್ರಷ್ ಬಳಸುವುದು ಅಪರಾಧ.

ಕ್ಯಾಲಿಪರ್ ಮಾತ್ರ ಈ ಮೂರೂ ಪ್ರಶ್ನೆಗಳಿಗೆ ಕಷ್ಟದ ಉತ್ತರ ಕೊಡುವ ವಸ್ತು. ಲಕ್ಷಗಟ್ಟಲೆ ಬೇಕು, ಆದರೆ ಒಂದು ಮಗುವಿನ ಕಾಲಿನಂತೆ ಇನ್ನೊಂದರದು ಇರುವುದಿಲ್ಲ. ಕಾಲಿನ ಪ್ಲಾಸ್ಟರ್ ಅಚ್ಚು ತೆಗೆದು, ಅದರ ಮೇಲೆ ಪದರ ಹಾಸಿ, ಚೀಲ ಹೊದಿಸಿ ಗಾಳಿ ಹೀರಿ ಮಾಡಿದರೆ ಕಾಲಿಗೆ ಹೇಳಿ ಮಾಡಿಸಿದಂತೆ ಕೂರುತ್ತದೆ, ಆದರೆ ಪ್ರತಿಯೊಂದಕ್ಕೂ ಪರಿಣತರ ಕೈ ಬೇಕು. ಉಕ್ಕಿನ ಅಚ್ಚಿನಲ್ಲಿ ಕೆಲವೇ ಅಳತೆಗಳಲ್ಲಿ ಒತ್ತಿದರೆ ಅಗ್ಗ, ಆದರೆ ಎಲ್ಲರಿಗೂ ಸರಿಹೊಂದದು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿದೆ ನಿಜ. ಸೆರೆಬ್ರಲ್ ಪಾಲ್ಸಿಯಂಥ ತೊಂದರೆಯಿರುವ ಮಕ್ಕಳಿಗೆ ಇಂಥ ಆಧಾರ ಇಂದಿಗೂ ಬೇಕು. ಮಗು ಬೆಳೆದಂತೆಲ್ಲ ಕ್ಯಾಲಿಪರ್ ಚಿಕ್ಕದಾಗುತ್ತದೆ, ಮತ್ತೊಂದು ಮಾಡಿಸಬೇಕಾಗುತ್ತದೆ. ಅಪ್ಪ-ಅಮ್ಮ ಪ್ರತಿ ಬಾರಿ ತೆರುವ ಬೆಲೆಯಲ್ಲಿ ನಾರಿನ ಪಾಲಿಗಿಂತ ಅದನ್ನು ರೂಪಿಸುವ ಕೆಲಸದ ಪಾಲೇ ದೊಡ್ಡದು.

ಫೈಬರ್ ವಸ್ತು ಕೊಳ್ಳುವಾಗ ನೋಡಬೇಕಾದ್ದು

ಬಣ್ಣ ಹಚ್ಚದ ಕಡೆ ಬೆಳಕಿಗೆ ಹಿಡಿದು ನೋಡಿ. ಬಿಳಿ ಮಚ್ಚೆಗಳಿದ್ದರೆ ಅಲ್ಲಿ ನಾರು ರೆಸಿನ್‌ನಲ್ಲಿ ಸರಿಯಾಗಿ ನೆನೆದಿಲ್ಲ ಅಥವಾ ಗಾಳಿ ಸಿಕ್ಕಿಕೊಂಡಿದೆ. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಎಲ್ಲೆಡೆ ಟಣ್ ಎಂದು, ಒಂದು ಕಡೆ ಮಾತ್ರ ಡಬ್ ಎಂದರೆ ಪದರ ಬಿಟ್ಟಿರಬಹುದು. ವಿಮಾನ ದುರಸ್ತಿ ಮಾಡುವವರೂ ಅಲ್ಟ್ರಾಸೌಂಡ್ ಯಂತ್ರದ ಜತೆಗೆ ಈ ತಟ್ಟಿ ನೋಡುವ ಪರೀಕ್ಷೆಯನ್ನು ಇಂದಿಗೂ ಬಳಸುತ್ತಾರೆ. ಅಂಚಿನಲ್ಲಿ ನಾರು ಹೊರಗೆ ಕಾಣುತ್ತಿದ್ದರೆ ಅಲ್ಲಿಂದ ನೀರು ಒಳಗಿಳಿಯುತ್ತದೆ, ರೆಸಿನ್ ಹಚ್ಚಿ ಮುಚ್ಚಿಸಿಕೊಳ್ಳಿ. ಹೊಸ ಟ್ಯಾಂಕ್ ಅಥವಾ ಬಾಗಿಲಿನಿಂದ ದಿನಗಟ್ಟಲೆ ಘಾಟು ವಾಸನೆ ಬರುತ್ತಿದ್ದರೆ ರೆಸಿನ್ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ ಎಂದರ್ಥ. ಅಂಥ ಟ್ಯಾಂಕಿನ ನೀರು ಕುಡಿಯಬೇಡಿ, ಮಾರಿದವರಿಗೆ ವಾಪಸ್ ಕೊಡಿ.